ಅಕ್ಕನ ಮೂರು ಚಿಪ್ಪು ಎರೆಹುಳು

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪ ಎರೆಹುಳುಗಳನ್ನು ಕೇಳದೆ ಹೊಲಕ್ಕೆ ಬೀಜ ಹಾಕುತ್ತಿರಲಿಲ್ಲ. ನಗಬೇಡಿ ಮಕ್ಕಳೇ, ಇದು ನಿಜ. ಆಗ ನಮ್ಮ ಹೊಲ ಮಸ್ಕಿಯ ಕಡೆ ಗುಡ್ಡದ ಕೆಳಗೆ ಕಪ್ಪು ಮಣ್ಣಿನಲ್ಲಿತ್ತು. ಬಿತ್ತನೆಯ ಮಳೆ ಬಿದ್ದ ಮರುದಿನ ಅಪ್ಪ ಗುದ್ದಲಿಯಿಂದ ಒಂದು ಮಣ್ಣಿನ ಹೆಂಟೆ ಎಬ್ಬಿಸಿ, ಎರಡೂ ಕೈಯಲ್ಲಿ ಹಿಡಿದು, ಬಿಸಿ ರೊಟ್ಟಿ ಮುರಿಯುವವರ ಹಾಗೆ ಮೆಲ್ಲಗೆ ಒಡೆಯುತ್ತಿದ್ದ. ಒಳಗೆ ಎರೆಹುಳು ಗಂಟು ಕಟ್ಟಿಕೊಂಡು ಮಲಗಿದ್ದರೆ ನೀರು ಇನ್ನೂ ಕೆಳಗೆ ಇಳಿದಿಲ್ಲ ಎಂದು ಅರ್ಥ. ಅಪ್ಪ ಹೆಂಟೆಯನ್ನು ಇದ್ದಲ್ಲೇ ಇಟ್ಟು ಮನೆಗೆ ಬಂದುಬಿಡುತ್ತಿದ್ದ. ಹುಳು ಗಂಟು ಬಿಚ್ಚಿ ಮೈ ಚಾಚಿ ಮೇಲೆ ಹರಿದಾಡುತ್ತಿದ್ದರೆ ಮಾತ್ರ ಅವನ ಮುಖ ಅರಳುತ್ತಿತ್ತು.

"ಹುಳ ಮ್ಯಾಲ ಬಂದಾವ. ಹಸಿ ತಳಕ್ಕ ಮುಟ್ಟೈತಿ. ಬಿತ್ತಾಕ ಕೂರಿಗಿ ಹೂಡೋಣು" ಅನ್ನುತ್ತಿದ್ದ.

ಆ ಹೊಲದಲ್ಲಿ ಅಪ್ಪನ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಊರವರು ಅಪ್ಪನ ಹೆಂಟೆ ಒಡೆಯುವುದನ್ನು ನೋಡಿಕೊಂಡೇ ತಮ್ಮ ಎತ್ತು ಹೊರಗೆ ಬಿಡುತ್ತಿದ್ದರು. ಅದರಿಂದ ಅಪ್ಪನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇರಲಿ, ದುಡಿಯುವವನಿಗೆ ಅಷ್ಟು ಹೆಮ್ಮೆ ಇರಬೇಕು.

ಆಮೇಲೆ ನಾವು ಗೊರೇಬಾಳಕ್ಕೆ ಬಂದೆವು. ಅಲ್ಲಿ ಅಪ್ಪ ಕಾಲುವೆ ನೀರಿನ ಹೊಲವೊಂದನ್ನು ಪಾಲಿಗೆ ಹಿಡಿದ. ಜೋಳದವರು ಭತ್ತದವರಾದೆವು. ನನಗಂತೂ ಅದು ಬೇರೆಯೇ ಲೋಕ. ಎಲ್ಲಿ ನೋಡಿದರೂ ನೀರು, ನೀರಿನಲ್ಲಿ ಮೋಡ, ಮೋಡದ ನಡುವೆ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಗಳು. ಕೆಸರಿನ ತಂಪು ವಾಸನೆ ಬಟ್ಟೆಗೆ, ತಲೆಗೂದಲಿಗೆ, ತಿನ್ನುವ ರೊಟ್ಟಿಗೂ ಹತ್ತಿಕೊಂಡಿರುತ್ತಿತ್ತು. ಅಲ್ಲಿ ಹೊಲವನ್ನು ಒಡ್ಡು ಹಾಕಿ ಮಡಿಗಳಾಗಿ ಮಾಡುತ್ತಾರೆ. ಮೇಲಿನ ಮಡಿ ತುಂಬಿದ ಮೇಲೆ ನೀರು ಒಡ್ಡಿನಲ್ಲಿ ಬಿಟ್ಟ ಸಂದಿನಿಂದ ಕೆಳಗಿನ ಮಡಿಗೆ ಇಳಿಯುತ್ತದೆ. ನಮ್ಮದು ಕೆಳಗಿನ ಹೊಲ. ಮೇಲಿನ ಹೊಲದವರನ್ನು ನಾವು ಕಾಕಾ ಅನ್ನುತ್ತಿದ್ದೆವು. ಭತ್ತದ ಸಸಿ ಹಚ್ಚುವುದು ಹೇಗೆ ಎಂದು ಅಪ್ಪನಿಗೆ ಹೇಳಿಕೊಟ್ಟವರೂ ಅವರೇ.

ಅಕ್ಕ ಸಿಂಧನೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಎರಡು ಜಡೆ, ನೀಲಿ ಲಂಗ, ಎಣ್ಣೆ ಹಚ್ಚಿ ಹೊಳೆಯುವ ಮುಖ. ಬಸ್ಸಿಗೆ ಕಾಯುವಾಗಲೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಇರುವೆ, ಹುಳು, ಬೀಜ ಏನಾದರೂ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಒಮ್ಮೆ ಅವಳ ವಿಜ್ಞಾನದ ಟೀಚರು ಎರೆಹುಳುವಿನ ಪಾಠ ಮಾಡಿ, ಯಾರಾದರೂ ಜೀವಂತ ಹುಳು ತರುತ್ತೀರಾ ಎಂದು ಕೇಳಿದರಂತೆ. ಪೇಟೆಯ ಹುಡುಗಿಯರೆಲ್ಲ ಮೂಗು ಮುರಿದರಂತೆ. ನಮ್ಮ ಅಕ್ಕ ಎದ್ದು ನಿಂತು, ಒಂದಲ್ಲ, ಮೂರು ಬಗೆಯ ಹುಳು ತರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಳು. ಸೋಮವಾರ ತರಬೇಕು.

ಶನಿವಾರ ಸಂಜೆಗೆ ಎರಡು ಬಗೆ ಸಿಕ್ಕಿದ್ದವು. ಗುಡಿಯಲ್ಲಿ ಒಡೆದ ತೆಂಗಿನ ಕಾಯಿಯ ಚಿಪ್ಪುಗಳಲ್ಲಿ ಒದ್ದೆ ಮಣ್ಣು ಹಾಕಿ ಅವುಗಳನ್ನು ಇಟ್ಟಿದ್ದಳು. ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಒಂದೊಂದನ್ನೇ ತೋರಿಸಿದಳು. ಮೊದಲ ಚಿಪ್ಪಿನದು ತಿಪ್ಪೆಯ ಹುಳು. ಸಣ್ಣದು, ಕೆಂಪು ಕೆಂಪು, ಮುಟ್ಟಿದರೆ ಚಂಗನೆ ಹಾರುತ್ತಿತ್ತು. ಅದು ಸೆಗಣಿ, ಕೊಳೆತ ಎಲೆ ಬಿಟ್ಟು ಕೆಳಗಿನ ಮಣ್ಣಿಗೆ ಇಳಿಯುವುದಿಲ್ಲ. ಎರಡನೆಯದು ಬಾವಿಯ ದಂಡೆಯ ಆಳದ ಹುಳು. ನನ್ನ ಕಿರುಬೆರಳಿನ ದಪ್ಪ, ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಬಾವಿಯಲ್ಲಿ ಹಗ್ಗ ಬಿಟ್ಟಂತೆ ನೆಟ್ಟಗೆ ಕೆಳಗೆ ತೂತು ಕೊರೆದುಕೊಂಡು ಅದರಲ್ಲಿ ಇರುತ್ತದೆ. ಕತ್ತಲಾದ ಮೇಲೆ ಬಂದು ಒಣ ಎಲೆಯನ್ನು ಒಳಗೆ ಎಳೆದುಕೊಂಡು ಹೋಗುತ್ತದೆ. ಮೂರನೆಯದು ಸಿಗಬೇಕಾಗಿತ್ತು. ಹೊಲದ ಹುಳು. ಬೂದಿ ಬಣ್ಣದ್ದು, ಮಂದ ನಡಿಗೆಯದು, ಮಣ್ಣನ್ನೇ ತಿನ್ನುವಂಥದ್ದು. ಅದರ ಮೈಯೊಳಗೆ ತಿಂದ ಮಣ್ಣು ಗೆರೆ ಎಳೆದಂತೆ ಕಾಣುತ್ತದೆ.

"ಹುಳದಾಗ ಭಾಳ ಜಾತಿ ಅದಾವ ಅಂತ ಬೇ ಅವ್ವಾ, ಟೀಚರು ಹೇಳ್ಯಾರ" ಎಂದು ಅಕ್ಕ ಒಳಗೆ ಕೂಗಿದಳು.

ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಹುಳದಾಗೂ ಜಾತಿ ಬಂತಾ? ಹಂಗಿದ್ರ ಚಿಪ್ಪು ಬ್ಯಾರೆ ಬ್ಯಾರೆ ಇಟ್ಟೀ, ಚೊಲೋ ಆತು ಬಿಡು. ಇಲ್ಲಂದ್ರ ಪಂಚಾಯ್ತಿ ಕೂಡತಿತ್ತು."

ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಿದ್ದ ಅಪ್ಪ ನಕ್ಕು ನಕ್ಕು ಕೆಮ್ಮಿದ. ಅಕ್ಕ ಮಾತ್ರ ಪಾಠ ಬಿಡಲಿಲ್ಲ. ಆಳದ ಹುಳುವನ್ನು ಹಳೆಯ ಕಾಗದದ ಮೇಲೆ ಬಿಟ್ಟು ನನ್ನ ಕಿವಿಯನ್ನು ಹತ್ತಿರಕ್ಕೆ ಎಳೆದಳು. ಕಿರ್ ಕಿರ್ ಎಂದು ಸಣ್ಣ ಸದ್ದು. ಹುಳುವಿನ ಮೈಯೆಲ್ಲ ಉಂಗುರ ಉಂಗುರ ಇರುತ್ತದಲ್ಲ, ಆ ಉಂಗುರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿವೆ, ಅವನ್ನು ಊರಿಕೊಂಡೇ ಅದು ನಡೆಯುತ್ತದೆ ಎಂದಳು. ಮುಂದಿನ ಭಾಗದಲ್ಲಿ ಬೆರಳಿಗೆ ಬಟ್ಟೆ ಸುತ್ತಿದಂತೆ ಒಂದು ಪಟ್ಟಿ ಇತ್ತು. ಪಟ್ಟಿ ಯಾವ ತುದಿಗೆ ಹತ್ತಿರವೋ ಆ ಕಡೆಯೇ ತಲೆ. ಆ ಪಟ್ಟಿಯಿಂದಲೇ ಮೊಟ್ಟೆಯ ಗೂಡು ಆಗುತ್ತದೆ. ಹಲ್ಲಿಲ್ಲ, ಆದರೆ ಒಳಗೆ ಬೀಸುಕಲ್ಲಿನಂಥ ಚೀಲ ಇದೆ, ತಿಂದದ್ದನ್ನೆಲ್ಲ ಅದು ಅರೆಯುತ್ತದೆ. ಕಣ್ಣಿಲ್ಲ, ಆದರೂ ಬೆಳಕು ಬಿದ್ದರೆ ಗೊತ್ತಾಗುತ್ತದೆ.

"ಎರಡು ತುಂಡು ಮಾಡಿದ್ರ ಎರಡು ಹುಳ ಆಗ್ತಾವಲ್ಲಬೇ?" ಎಂದು ನಾನು ಕೇಳಿದೆ. ನಮ್ಮ ಓಣಿಯ ಹುಡುಗರೆಲ್ಲ ಹಾಗೇ ನಂಬಿದ್ದರು.

"ನಿನ್ನ ಎರಡು ತುಂಡು ಮಾಡಿದ್ರ ಇಬ್ರು ತಮ್ಮಂದಿರು ಆಗ್ತೀರೇನು? ಸಾಯ್ತೈತಿ, ಇಲ್ಲಂದ್ರ ತಲಿ ಕಡೆ ತುಂಡು ಅಷ್ಟಾ ಉಳೀತೈತಿ" ಎಂದು ನನ್ನ ತಲೆಗೆ ಮೊಟಕಿದಳು. ಆಮೇಲೆ ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು, ದನಿ ಇಳಿಸಿ, ಗುಟ್ಟು ಹೇಳುವಂತೆ ಹೇಳಿದಳು: "ಇದಕ್ಕ ಮೂಗು ಇಲ್ಲಲೇ ತಮ್ಮಾ. ಮೈಯೆಲ್ಲಾ ಮೂಗು. ಹಸಿ ಚರ್ಮದಿಂದಾನ ಉಸಿರಾಡ್ತೈತಿ. ಹೊರಗ ಏನಿರ್ತೈತೋ ಅದು ಸೀದಾ ಒಳಗ ಹೋಗ್ತೈತಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ.

ಭಾನುವಾರ ಬೆಳಿಗ್ಗೆ ಅಪ್ಪ ಒಡ್ಡಿನ ಮೇಲೆ ಒಂದು ಸುತ್ತು ಹಾಕಿ ಓಡುತ್ತ ಮನೆಗೆ ಬಂದ. ಸಸಿ ಹಚ್ಚುವ ಮೊದಲು ನೀರು ನಿಲ್ಲಿಸಿದ ಹೊಲ ಅದು. ಅಪ್ಪನ ಕಣ್ಣು ಮಸ್ಕಿಯ ಹೊಲದಲ್ಲಿ ಹೊಳೆಯುತ್ತಿದ್ದಂತೆಯೇ ಹೊಳೆಯುತ್ತಿತ್ತು.

"ಯವ್ವಾ, ಎದ್ದು ಬಾ! ನಿನ್ನ ಮೂರನೇ ಜಾತಿ ಸಂತಿ ನೆರದೈತಿ. ಹೊಲದಾಗಿನ ಹುಳ ಎಲ್ಲಾ ಮ್ಯಾಲ ಬಂದಾವ. ಈ ವರ್ಷ ಬೆಳಿ ನೋಡು ಹೆಂಗ ಬರತೈತಿ!"

ಅಕ್ಕ ಮುಖವನ್ನೂ ತೊಳೆಯದೆ ಮೂರನೆಯ ಚಿಪ್ಪು ಹಿಡಿದು ಓಡಿದಳು. ನಾನು ಬೆನ್ನು ಹತ್ತಿದೆ. ನಾನು ಆಗತಾನೇ ಜ್ವರ ಬಿಟ್ಟು ಎದ್ದಿದ್ದರಿಂದ ನೀರಿಗೆ ಇಳಿಯಬೇಡ ಎಂದು ಅವ್ವ ನನಗೆ ಆಣೆ ಹಾಕಿ ಕಳಿಸಿದ್ದಳು.

ಹೋಗಿ ನೋಡಿದರೆ ಅಪ್ಪ ಹೇಳಿದ್ದು ಸುಳ್ಳಲ್ಲ. ಒಡ್ಡಿನ ಇಳಿಜಾರಿನ ತುಂಬ ಹುಳುಗಳು. ನೀರಿನಲ್ಲಿ ಹುಳು, ಕೆಸರಿನ ಮೇಲೆ ಹುಳು. ಆದರೆ ಅವು ಹರಿದಾಡುತ್ತಿರಲಿಲ್ಲ. ಕಾದ ಹಂಚಿನ ಮೇಲೆ ಬಿದ್ದಂತೆ ಸುರುಳಿ ಸುತ್ತಿ ಬಿಚ್ಚಿ, ಮತ್ತೆ ಸುತ್ತುತ್ತಿದ್ದವು. ಕೆಲವುಗಳ ಪಟ್ಟಿ ಊದಿಕೊಂಡು ಕೆಂಪಗಾಗಿತ್ತು. ಗಾಳಿಯಲ್ಲಿ ಬೆಳ್ಳುಳ್ಳಿ ಕೊಳೆತಂಥ ವಾಸನೆ.

"ಅಪ್ಪಾ, ಇವು ಯಾಕೋ ಹಿಂಗ ತಿರುಚಾಕತ್ತಾವ" ಎಂದಳು ಅಕ್ಕ. "ಏನೋ ನಾರತೈತಿ."

"ಕಾಲುವಿ ನೀರು ಹಂಗಾ ನಾರತೈತಿ. ನೀರು ಕುಡದು ಕುಣ್ಯಾಕತ್ತಾವ, ಬಿಡು" ಎಂದ ಅಪ್ಪ. ಎತ್ತುಗಳಿಗೆ ಮೇವು ಹಾಕಲು ಮನೆ ಕಡೆ ಹೊರಟ.

ಅಕ್ಕನಿಗೆ ಸತ್ತ ಹುಳು ಬೇಡವಾಗಿತ್ತು. ಚುರುಕಾದದ್ದೇ ಬೇಕು. ಲಂಗ ಎತ್ತಿ ಕಟ್ಟಿ ನೀರಿಗೆ ಇಳಿದಳು. ಹಿಂದಿನ ದಿನ ಜಾಲಿಯ ಬೇಲಿ ದಾಟುವಾಗ ಗೀರಿದ ಕೆಂಪು ಗೆರೆಗಳು ಅವಳ ಮೊಣಕಾಲಿನ ಕೆಳಗೆ ಇನ್ನೂ ಹಸಿಯಾಗಿದ್ದವು. ಮೇಲಿನ ಹೊಲದ ನೀರು ಇಳಿಯುವ ಸಂದಿನ ಬಳಿ ಕೂತು, ಮೊಣಕೈವರೆಗೂ ಕೆಸರಿಗೆ ಕೈ ಹಾಕಿ ಹುಡುಕತೊಡಗಿದಳು. ಒಂದು ಹುಳು ಎತ್ತುವಳು, ತೊಳೆಯುವಳು, ನೋಡುವಳು, ಬಿಡುವಳು. ನಾನು ಒಡ್ಡಿನ ಮೇಲೆ ಖಾಲಿ ಚಿಪ್ಪು ಹಿಡಿದು ನಿಂತಿದ್ದೆ. ಬಿಸಿಲೇರಿತು. ಅವಳ ಹಣೆಯ ಬೆವರು ನೀರಿಗೆ ತೊಟ್ಟಿಕ್ಕುತ್ತಿತ್ತು.

ಆಗ ಬೆಳ್ಳಕ್ಕಿಯೊಂದನ್ನು ಕಂಡೆ. ಹುಳುಗಳನ್ನು ಗಬಗಬ ನುಂಗುತ್ತಿದ್ದ ಹಕ್ಕಿ ರೆಕ್ಕೆ ಬಿಚ್ಚಿತು, ಹಾರಲು ಆಗಲಿಲ್ಲ. ಕುಡಿದವರಂತೆ ಎರಡು ಹೆಜ್ಜೆ ಹಾಕಿ ನೀರಿನಲ್ಲಿ ಮುಖ ಅಡಿಯಾಗಿ ಬಿತ್ತು.

"ಅಕ್ಕಾ, ಬೆಳ್ಳಕ್ಕಿ ಬಿತ್ತು ನೋಡು!" ಎಂದು ಕೂಗಿದೆ.

ಅಕ್ಕ ತಲೆ ಎತ್ತಿದಳು. ನಾನು ತೋರಿಸಿದ ಕಡೆ ನೋಡಲಿಲ್ಲ, ಎಲ್ಲೋ ನೋಡಿದಳು. "ಕಣ್ಣ ಮುಂದ ಮಂಜು ಬಂದಂಗ ಆಗೈತಲೇ" ಎಂದಳು. ಒಡ್ಡು ಹತ್ತಲು ಕೈ ಊರಿದಳು. ಕೈ ನಡುಗುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವಳಿಗೆ ತಿಳಿಯಲಿಲ್ಲ. ನಾನು ಜಡೆ ಹಿಡಿದು, ತೋಳು ಹಿಡಿದು ಹೇಗೋ ಮೇಲೆ ಎಳೆದು ಒಡ್ಡಿನ ಮೇಲೆ ಮಲಗಿಸಿ, ಕಿರುಚುತ್ತ ಮನೆಗೆ ಓಡಿದೆ.

ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಬಿಸಿಲು ಬಡಿದಿದೆ ಎಂದ ಅಪ್ಪ. ಗಾಳಿ ಸೋಂಕಿದೆ ಎಂದಳು ಅವ್ವ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಅಕ್ಕನ ತೋಳಿನ ಮಾಂಸ ಚರ್ಮದ ಕೆಳಗೆ ತಾನೇ ತಾನಾಗಿ ಜಿಗಿಯುತ್ತಿತ್ತು, ಒಳಗೆ ಹುಳು ಹರಿದಂತೆ. ಒದ್ದೆ ಬಟ್ಟೆ ಮೈಮೇಲೆಯೇ ಇತ್ತು. ಅದನ್ನು ತೆಗೆಯಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನ ಹೊಲದ ಕಾಕಾ ಓಡೋಡಿ ಬಂದರು. ಬಾಗಿಲಲ್ಲೇ ಕೂಗಿದರು: "ಇವತ್ತು ಮಡಿಗೆ ಯಾರೂ ಇಳಿಬ್ಯಾಡ್ರಿ! ನಿನ್ನಿ ನಾ ಕೀಟ ಸಾಯೋ ಹೊಸ ಔಷಧ ಉಗ್ಗೀನಿ, ಮರಳಿನಂಥಾ ಹರಳು. ನೀರು ಕಟ್ಟಿ ನಿಲ್ಲಿಸಿದ್ದೆ. ಈಗ ಹೋಗಿ ನೋಡ್ತೀನಿ, ಒಡ್ಡು ಒಡದು ಎಲ್ಲಾ ನಿಮ್ಮ ಕಡೆ ಹರದೈತಿ!"

ಕಾಕಾ ಒಳಗೆ ಬಗ್ಗಿ ಅಕ್ಕನನ್ನು ನೋಡಿದರು. ಅವರ ಕೈಲಿದ್ದ ಟವೆಲ್ಲು ಕೆಳಗೆ ಬಿತ್ತು.

"ಬಟ್ಟಿ ತಗೀರಿ! ನೀರು ಹಾಕ್ರಿ, ಸಬಕಾರ ಹಚ್ಚಿ ತೊಳೀರಿ!" ಎಂದು ಅವರೇ ಕೊಡಕ್ಕೆ ಓಡಿದರು. ಅಪ್ಪ ನನ್ನತ್ತ ತಿರುಗಿ, "ಲೇ, ದೊಡ್ಡ ರಸ್ತಿಗೆ ಓಡು, ಏನು ಸಿಗತೈತೋ ಅದನ್ನ ನಿಲ್ಲಸು" ಎಂದ. ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲೂ ಓಡಿಲ್ಲ, ಆಮೇಲೂ ಓಡಿಲ್ಲ. ಖಾಲಿ ಚೀಲ ಹೇರಿಕೊಂಡು ಸಿಂಧನೂರಿನ ಮಿಲ್ಲಿಗೆ ಹೊರಟಿದ್ದ ಟ್ರ್ಯಾಕ್ಟರಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟೆ. ಅದರ ಡ್ರೈವರ್ ಬಳಗಾನೂರಿನ ಮುದುಕ ಚಾಚಾ. ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ನನ್ನನ್ನು ಹತ್ತಿಸಿಕೊಂಡರು. ಗಾಡಿಯನ್ನು ಸೀದಾ ನಮ್ಮ ಬಾಗಿಲಿಗೇ ತಂದರು.

"ಹತ್ರಿ ಜಲ್ದಿ! ಚೀಲ ಹಾಸಿ ಮಲಗಿಸ್ರಿ. ಬೇಟಿ, ಕಣ್ಣು ಮುಚ್ಚಬ್ಯಾಡವ್ವಾ, ಮಾತಾಡು, ಏನರ ಮಾತಾಡು" ಎನ್ನುತ್ತ ಗೇರು ಹಾಕಿದರು.

ದಾರಿಯುದ್ದಕ್ಕೂ ಅಕ್ಕನ ತಲೆ ಅವ್ವನ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಅಕ್ಕ ಮಾತಾಡಿದ್ದು ಒಂದೇ ಸಲ. "ಚಿಪ್ಪಿನ್ಯಾಗಿನ ಮಣ್ಣು ಒಣಗಿಸಬ್ಯಾಡಲೇ" ಎಂದಳು. ಮುಂದೆ ಉಸಿರಿನ ಸದ್ದು ಮಾತ್ರ, ನೀರಿನೊಳಗಿಂದ ಬಂದಂತೆ ಗೊರ ಗೊರ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದಾದ ಮೇಲೆ ಒಂದು ಸೂಜಿ ಹಾಕಿದರು. ಅವರು ಪ್ರಯತ್ನ ಬಿಡಲಿಲ್ಲ, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಡುವೆ ಅಪ್ಪನನ್ನು ಕೇಳಿದರು: "ಹುಡುಗಿ ಏನಾದ್ರೂ ಕುಡಿದಿದ್ಳಾ? ಬಾಯಿಗೆ ಹಾಕ್ಕೊಂಡಿದ್ಳಾ?"

"ಇಲ್ರೀ. ಒಂದು ಹನಿ ಚಾ ಸೈತ ಕುಡಿದಿಲ್ರೀ. ಬರೇ ನೀರಾಗ ಕೂತಿದ್ಳು."

"ಹಾಗಾದ್ರೆ ಚರ್ಮದಿಂದ ಹೋಗಿದೆ. ಕಾಲಲ್ಲಿ ಗಾಯ ಬೇರೆ ಇದೆ" ಎಂದರು ಡಾಕ್ಟರು.

ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಹಿಂದಿನ ಸಂಜೆ ಕಟ್ಟೆಯ ಮೇಲೆ ಅಕ್ಕ ಹೇಳಿದ್ದು ಇಬ್ಬರಿಗೂ ನೆನಪಾಗಿತ್ತು. ಮೈಯೆಲ್ಲಾ ಮೂಗು.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಹೋದಳು.

ಮನೆಗೆ ಬಂದಾಗ ಗೋಡೆಯ ಮಾಡದಲ್ಲಿ ಎರಡು ಚಿಪ್ಪುಗಳು ಹಾಗೇ ಇದ್ದವು. ತಿಪ್ಪೆಯ ಹುಳು ಒಂದರಲ್ಲಿ, ಆಳದ ಹುಳು ಒಂದರಲ್ಲಿ. ಮಣ್ಣು ಇನ್ನೂ ಒದ್ದೆಯಾಗಿತ್ತು. ಎರಡೂ ಜೀವಂತ ಇದ್ದವು. ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪ ಅವನ್ನು ಎತ್ತಿಕೊಂಡು ಹೋಗಿ, ಒಂದನ್ನು ತಿಪ್ಪೆಗೆ, ಇನ್ನೊಂದನ್ನು ಬಾವಿಯ ದಂಡೆಗೆ ಬಿಟ್ಟು ಬಂದ. ಅಕ್ಕ ಎಲ್ಲೆಲ್ಲಿಂದ ತಂದಿದ್ದಳೋ ಅಲ್ಲಲ್ಲಿಗೇ. ಬಂದು ಕಟ್ಟೆಯ ಮೇಲೆ ಕೂತು, "ನನ್ನ ಹುಳಾನ ನನಗ ಸುಳ್ಳು ಹೇಳಿದ್ವು" ಎಂದ. ಮುಂದೆ ಬದುಕಿರುವವರೆಗೂ ಅಪ್ಪ ಹೆಂಟೆ ಒಡೆದು ನೋಡಲಿಲ್ಲ.

ನಾನು ಆ ಮಾತನ್ನು ಬಹಳ ವರ್ಷ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದೇನೆ. ಹುಳುಗಳು ಸುಳ್ಳು ಹೇಳಿರಲಿಲ್ಲ ಮಕ್ಕಳೇ. ಉಸಿರು ಕಟ್ಟಿ, ಮೈ ಸುಟ್ಟು, ಜೀವ ಉಳಿಸಿಕೊಳ್ಳಲು ಮೇಲೆ ಓಡಿ ಬಂದಿದ್ದವು. ಮಸ್ಕಿಯ ಮಣ್ಣಿನಲ್ಲಿ ಮೇಲೆ ಬಂದ ಹುಳುವೆಂದರೆ ಹಸಿ. ಕಾಲುವೆಯ ನೀರಿನಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂದಿತ್ತು. ನಮ್ಮ ಅಪ್ಪನಿಗೆ ಆ ಅರ್ಥ ಹೇಳಿಕೊಡುವವರು ಯಾರೂ ಇರಲಿಲ್ಲ. ಔಷಧ ಉಗ್ಗಿದ ಕಾಕಾನಿಗೂ ಇರಲಿಲ್ಲ. ಕಾಕಾ ಆ ವರ್ಷ ತಮ್ಮ ಹೊಲಕ್ಕೆ ಸಸಿ ಹಚ್ಚಲೇ ಇಲ್ಲ.

ನಾನು ಅಲ್ಲಿಗೇ ಶಾಲೆ ಬಿಟ್ಟೆ. ಅಪ್ಪನ ಕೈ ಸೋತಿತ್ತು, ಗುದ್ದಲಿ ನನ್ನ ಕೈಗೆ ಬಂತು. ಅದಕ್ಕೆ ನನಗೆ ನಾಚಿಕೆ ಇಲ್ಲ. ನಾನು ಓದಿದ್ದು ಕಡಿಮೆ, ಆದರೆ ನಾನು ಕಟ್ಟಿದ ಒಡ್ಡು ಈವರೆಗೆ ಒಮ್ಮೆಯೂ ಒಡೆದಿಲ್ಲ. ಗೊರೇಬಾಳದಲ್ಲಿ ಯಾರನ್ನು ಬೇಕಾದರೂ ಕೇಳಿ. ಸಸಿ ಹಚ್ಚಲು ಹೆಣ್ಣುಮಕ್ಕಳು ಬಂದಾಗ ಮೊದಲು ನಾನು ಮೇಲಿನ ಹೊಲದವರನ್ನು ಕೇಳುತ್ತೇನೆ, ನೀರಿನ ವಾಸನೆ ನೋಡುತ್ತೇನೆ, ಅವರ ಕಾಲಿನಲ್ಲಿ ಗಾಯ ಇದೆಯೇ ಎಂದು ನೋಡುತ್ತೇನೆ. ಆಮೇಲೇ ಇಳಿಯಲು ಬಿಡುತ್ತೇನೆ. "ಈ ಮುದುಕಗ ಎಲ್ಲಾದರಾಗೂ ಅನುಮಾನ" ಎಂದು ಅವರು ನನ್ನ ಬೆನ್ನ ಹಿಂದೆ ನಗುತ್ತಾರೆ. ನಗಲಿ.

ಈಗ ನಿಮ್ಮ ಕಾಲ. ನಿಮ್ಮ ಪುಸ್ತಕದಲ್ಲಿ ಎರೆಹುಳುವಿನ ಬಣ್ಣದ ಚಿತ್ರ ಇದೆ. ಅದರ ಉಂಗುರ, ಪಟ್ಟಿ, ಹೃದಯ, ಎಲ್ಲಕ್ಕೂ ಗೆರೆ ಎಳೆದು ಹೆಸರು ಬರೆದಿದ್ದಾರೆ. ಫೋನಿನಲ್ಲಿ ಒತ್ತಿದರೆ ಅದು ಹರಿದಾಡುವುದೂ ಕಾಣುತ್ತದೆ. ನಮ್ಮ ಅಕ್ಕನಿಗೆ ಇಷ್ಟೆಲ್ಲ ಸಿಕ್ಕಿದ್ದರೆ ಎಷ್ಟು ಕುಣಿಯುತ್ತಿದ್ದಳೋ. ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳೇ, ಮೂರು ಬಗೆಯ ಎರೆಹುಳು ಒಯ್ಯಬೇಕು ತಾತ ಎಂದಳು. ಗುದ್ದಲಿ ಎತ್ತಿಕೊಂಡೆ. ಅಡುಗೆಮನೆಯಿಂದ ಮೂರು ತೆಂಗಿನ ಚಿಪ್ಪು ತೆಗೆದುಕೊಂಡೆ.

ಕೆಂಪು ಹುಳು ಸಿಂಧನೂರಿನಿಂದ ತಂದ ಗೊಬ್ಬರದ ಚೀಲದಲ್ಲೇ ಸಿಕ್ಕಿತು. ಈಗ ಅದನ್ನು ಸಾಕಿ ಮಾರುತ್ತಾರೆ. ಆಳದ ಹುಳು ಹಿತ್ತಲ ಬೇವಿನ ಬುಡದಲ್ಲಿ, ಬಚ್ಚಲ ನೀರು ಇಂಗುವ ಕಡೆ ಸಿಕ್ಕಿತು. ಕೊನೆಗೆ ಹೊಲಕ್ಕೆ ಹೋದೆವು. ನೀರು ಬಿಡುವ ಮೊದಲಿನ ಒಣ ಹೊಲ. ಇಷ್ಟು ವರ್ಷ ಅಪ್ಪ ಮಾಡದಿದ್ದ, ನಾನೂ ಮಾಡದಿದ್ದ ಕೆಲಸವನ್ನು ಮಾಡಿದೆ. ಹೆಂಟೆ ಎಬ್ಬಿಸಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಡೆದೆ. ಏನೂ ಇಲ್ಲ. ಒಡ್ಡಿನ ಬುಡದಲ್ಲಿ ಅಗೆದೆ. ಅಲ್ಲೂ ಇಲ್ಲ. ಹೊಲದ ನಡುವೆ ಮೊಣಕಾಲುದ್ದ ಅಗೆದೆ. ಇಟ್ಟಿಗೆಯಂಥ ಮಣ್ಣು, ಗಂಟು ಕಟ್ಟಿ ಮಲಗಿದ ಒಂದು ಹುಳುವೂ ಇರಲಿಲ್ಲ. ಗುಂಡಿಯ ದಂಡೆಯ ಮೇಲೆ ಕೂತು ಅವಳಿಗೆ ನಿಮಗೆ ಹೇಳಿದ ಈ ಕತೆಯನ್ನೇ ಹೇಳಿದೆ.

ಅವಳು ಮೂರನೆಯ ಖಾಲಿ ಚಿಪ್ಪನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು: "ತಾತ, ಈ ಚಿಪ್ಪಿನ್ಯಾಗ ಏನ್ ಇಡಲಿ?"

"ನಮ್ಮ ಹೊಲದ ಮಣ್ಣು ಇಡವ್ವಾ. ಹುಳ ಯಾಕಿಲ್ಲ ಅಂತ ಯಾರರ ಕೇಳಿದ್ರ, ನಿನಗ ಗೊತ್ತೈತಿ."

ಮರುದಿನ ಅವಳು ಬಸ್ಸು ಹತ್ತಿದಾಗ ಹುಳು ಇದ್ದ ಚಿಪ್ಪುಗಳು ಚೀಲದಲ್ಲಿದ್ದವು. ಬರೀ ಮಣ್ಣಿನ ಚಿಪ್ಪನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಿಟಕಿಯ ಪಕ್ಕ ಕೂತು, ಬಾಟಲಿಯ ಮುಚ್ಚಳದಿಂದ ಅದಕ್ಕೆ ಒಂದಿಷ್ಟು ನೀರು ಚಿಮುಕಿಸಿದಳು. ಒಣಗಬಾರದು ಎಂದು.